ತಿಪ್ಪೆಗೆ ಬಿದ್ದ ಧಾತು

ಕುಂದಗೋಳ ತಾಲೂಕಿನ ವಾಚಕ ಸೋದರಿಯೊಬ್ಬರು ನಮಗೆ ಎರಡು ಪ್ರಶ್ನೆಗಳನ್ನು ಬರೆದು ಕಳಿಸಿರುತ್ತಾರೆ. ಅವರ ಮನೆಯ ಮಾಡದಲ್ಲಿ ಕೆಟ್ಟುಹೋದ ಮೂರು ಮೊಬೈಲು ಫೋನುಗಳೂ ಒಂದು ಹಳೆಯ ರೇಡಿಯೋ ಯಂತ್ರವೂ ತೀರಿದ ಸೆಲ್ಲುಗಳೂ ಕೆಲವು ವರ್ಷಗಳಿಂದ ಕೂಡಿಬಿದ್ದಿವೆಯಂತೆ. ಇವುಗಳಲ್ಲಿ ಬಂಗಾರವಿರುವದೆಂದು ಅವರ ಮಗನು ಹೇಳುವನು. ಅದು ನಿಜವೇ ಎಂಬುದು ಮೊದಲನೆಯ ಪ್ರಶ್ನೆ. ನಿಜವಲ್ಲದಿದ್ದರೆ ದೀಪಾವಳಿಯ ಕಸದೊಡನೆ ಇವನ್ನು ತಿಪ್ಪೆಗೆ ಹಾಕಬಹುದೇ ಎಂಬುದು ಎರಡನೆಯದು. ಮಗನ ಮಾತು ನಿಜ. ತಿಪ್ಪೆಗೆ ಮಾತ್ರ ಹಾಕಕೂಡದು. ಉತ್ತರವು ಇಷ್ಟು ಚಿಕ್ಕದಾದರೂ, ಕಾರಣವನ್ನರಿಯದೆ ಕೇಳಿದ ಬುದ್ಧಿವಾದವು ಬಹುಕಾಲ ನಿಲ್ಲುವದಿಲ್ಲವಾದುದರಿಂದ ಈ ತಿಂಗಳ ಪುಟಗಳನ್ನು ಆ ಕಾರಣಕ್ಕೇ ಮೀಸಲಿಡುತ್ತೇವೆ.

ಲೋಹಗಳಿಗೆ ನಮ್ಮ ಪೂರ್ವಿಕರು ಕೊಟ್ಟ ಹೆಸರುಗಳಲ್ಲಿ 'ಧಾತು' ಎಂಬುದೊಂದು. ಇಡು, ಧರಿಸು ಎಂಬ ಅರ್ಥವುಳ್ಳ 'ಧಾ' ಎಂಬ ಮೂಲದಿಂದ ಹುಟ್ಟಿದ ಈ ಶಬ್ದವನ್ನೇ ವೈಯಾಕರಣರು ಕ್ರಿಯಾಪದದ ಮೂಲರೂಪಕ್ಕೂ ಬಳಸುತ್ತಾರೆ. ಎಷ್ಟು ಪ್ರತ್ಯಯಗಳು ಹತ್ತಿದರೂ ಪದದೊಳಗೆ ಧಾತುವು ಅಳಿಯದೆ ನಿಂತಿರುವದು. ಬಲ್ಲವನು ಅದನ್ನು ಬಿಡಿಸಿ ತೋರಿಸಬಲ್ಲನು. ಲೋಹದ ಸಂಗತಿಯೂ ಅಂತೆಯೇ. ಸುಟ್ಟ ತಂತಿಯಲ್ಲಿಯೂ, ಕೊಡದ ಕಿಲುಬಿನಲ್ಲಿಯೂ, ನೀರಿನಲ್ಲಿ ಕರಗಿದ ಮೈಲುತುತ್ತದಲ್ಲಿಯೂ ತಾಮ್ರವು ಇದ್ದೇ ಇರುತ್ತದೆ. ಅರಿವೆಯು ಕೊಳೆತು ಮಣ್ಣಾಗುವದು, ಕಟ್ಟಿಗೆಯು ಉರಿದು ಬೂದಿಯಾಗುವದು. ಲೋಹಕ್ಕೆ ಆ ಗತಿ ಇಲ್ಲ. ಅದು ಬೇರೆಯದರೊಡನೆ ಕೂಡಬಹುದು, ಚದುರಿ ಹೋಗಬಹುದು, ಆದರೆ ಇಲ್ಲವಾಗಲಾರದು. ಈ ಒಂದೇ ಗುಣದಲ್ಲಿ ಅದರ ಲಾಭವೂ ಅಪಾಯವೂ ಅಡಗಿವೆ.

ಕೂಡಿಹೋದ ಲೋಹವನ್ನು ಬಿಡಿಸಿಕೊಳ್ಳುವ ವಿದ್ಯೆಯು ಹೊಸದಲ್ಲ. ಕೌಟಿಲ್ಯನ ಅರ್ಥಶಾಸ್ತ್ರದ ಎರಡನೆಯ ಅಧಿಕರಣದಲ್ಲಿ ಬಂಗಾರದ ಕೆಲಸ ನಡೆಯುವ ಅಕ್ಷಶಾಲೆಯ ಕಟ್ಟಳೆಗಳನ್ನು ಹೇಳಿದೆ. ಒಳಗೆ ಬರುವಾಗಲೂ ಹೊರಗೆ ಹೋಗುವಾಗಲೂ ಮೈ-ಬಟ್ಟೆಗಳನ್ನು ಶೋಧಿಸಿ ಬಿಡತಕ್ಕ ಕೆಲಸಗಾರರಲ್ಲಿ ತಿದಿಯೂದುವವನ ಸಂಗಡ 'ಪಾಂಸುಧಾವಕ'ನೆಂಬವನೂ ಇದ್ದಾನೆ. ಪಾಂಸು ಎಂದರೆ ಧೂಳು, ಧಾವಕನೆಂದರೆ ತೊಳೆಯುವವನು. ಕುಲುಮೆಯ ಬೂದಿಯನ್ನೂ ನೆಲದ ಕಸವನ್ನೂ ತೊಳೆದು ಬಂಗಾರದ ಕಣಗಳನ್ನು ತಿರುಗಿ ಪಡೆಯುವದೇ ಅವನ ಉದ್ಯೋಗ. ಇದೇ ವಿದ್ಯೆಯುಳ್ಳವರನ್ನು ನಮ್ಮ ಸೀಮೆಯಲ್ಲಿ ಜಲಗಾರರೆಂದು ಕರೆಯುತ್ತಿದ್ದರು. ಭೂಗರ್ಭಶಾಸ್ತ್ರಜ್ಞನಾದ ರಾಬರ್ಟ್ ಬ್ರೂಸ್ ಫೂಟನು ಡಂಬಳದ ಗುಡ್ಡಗಳ ಬಂಗಾರದ ಶಿಲೆಗಳನ್ನು ಕುರಿತು ೧೮೭೪ರಲ್ಲಿ ಬರೆದ ಕಾಲಕ್ಕೆ, ಕಪ್ಪತಗುಡ್ಡದಿಂದಿಳಿಯುವ ಹಳ್ಳಗಳ ಉಸುಕನ್ನು ಜಲಗಾರರು ಮರಿಗೆಯಲ್ಲಿ ತೊಳೆದು ಬಂಗಾರ ತೆಗೆಯುತ್ತಿದ್ದರು. ಡಂಬಳವು ಆಗ ಧಾರವಾಡ ಜಿಲ್ಲೆಯಲ್ಲಿತ್ತು. ೧೯೯೭ರಿಂದ ಗದಗ ಜಿಲ್ಲೆಯಲ್ಲಿದೆ. ಮುಂದೆ ಜಲಗಾರನೆಂಬ ಶಬ್ದಕ್ಕೆ ಬೀದಿಯ ಕಸ ಗುಡಿಸುವವನೆಂಬ ಅರ್ಥವೇ ಬಳಕೆಯಲ್ಲಿ ಮೇಲಾಯಿತು. ಇಂದಿಗೂ ಊರ ಪತ್ತಾರನು ತನ್ನ ಅಂಗಡಿಯ ಕಸವನ್ನು ಬೀದಿಗೆ ಚೆಲ್ಲುವದಿಲ್ಲ. ಒಂದು ಡಬ್ಬಿಯಲ್ಲಿ ಕೂಡಿಟ್ಟು, ಕೊಳ್ಳುವವರು ಬಂದಾಗ ಮಾರುತ್ತಾನೆ. ಕಸವು ಬೆಲೆಯುಳ್ಳದ್ದಾದುದು ಅದರಲ್ಲಿ ಬಂಗಾರವಿದ್ದುದರಿಂದ ಮಾತ್ರವಲ್ಲ, ಅವನು ಅದನ್ನು ಬೇರೆ ಕಸದೊಡನೆ ಕೂಡಿಸದೆ ಇಟ್ಟುದರಿಂದ. ಈ ಮಾತನ್ನು ವಾಚಕರು ನೆನಪಿನಲ್ಲಿಡಬೇಕು. ಮುಂದೆ ಇದರಿಂದಲೇ ನಮ್ಮ ಪ್ರಶ್ನೆಯು ಬಗೆಹರಿಯತಕ್ಕದ್ದಿದೆ.

ನೀರಿನಿಂದ ತೊಳೆದರೆ ಕಣವಾಗಿರುವ ಬಂಗಾರ ಸಿಕ್ಕೀತು. ನೀರಿನಲ್ಲಿಯೇ ಕರಗಿದ ಲೋಹವನ್ನು ಪಡೆಯುವದು ಹೇಗೆ? ಲೋಹವು ಕರಗುವದೆಂಬುದಕ್ಕೆ ಒಂದು ಕೆಟ್ಟ ಉದಾಹರಣೆಯು ಹಳ್ಳಿಗಳಿಗೆ ಗೊತ್ತುಂಟು. ಒಡವೆಗಳಿಗೆ ಹೊಳಪು ಹಾಕಿಕೊಡುವೆವೆಂದು ಗಂಡಸರಿಲ್ಲದ ಹೊತ್ತಿನಲ್ಲಿ ಬರುವ ಅಪರಿಚಿತರು ಬಳೆಯನ್ನೋ ಸರವನ್ನೋ ಒಂದು ದ್ರವದಲ್ಲಿ ಅದ್ದಿ ಕೊಡುತ್ತಾರೆ. ಒಡವೆಯು ಹೊಳೆಯುತ್ತದೆ, ತೂಕ ಮಾತ್ರ ಕಡಿಮೆಯಾಗಿರುತ್ತದೆ. ಆ ದ್ರವವು ಬಂಗಾರವನ್ನು ಕರಗಿಸಬಲ್ಲ ಎರಡು ಆಮ್ಲಗಳ ಮಿಶ್ರಣ. ಹೋದ ಬಂಗಾರವು ಎಲ್ಲಿಯೂ ಹೋಗಿಲ್ಲ; ಅವನ ಪಾತ್ರೆಯ ನೀರಿನಲ್ಲಿದೆ, ಕಣ್ಣಿಗೆ ಕಾಣದು. ಮನೆಗೆ ಹೋಗಿ ಅದನ್ನು ಹೊರಗೆ ತೆಗೆಯುವ ಉಪಾಯವನ್ನು ಅವನು ಬಲ್ಲನು. ಸೋದರಿಯರು ಇಂಥವರನ್ನು ಹೊಸ್ತಿಲ ಹೊರಗೆ ನಿಲ್ಲಿಸಿಯೇ ಕಳಿಸತಕ್ಕದ್ದು.

ಕಳ್ಳನ ಕೈಯಲ್ಲಿರುವ ವಿದ್ಯೆಯನ್ನು ಸಜ್ಜನರೂ ಅರಿಯಬಹುದು. ಶಾಲೆಯಲ್ಲಿ ನಾವು ಹುಡುಗರಿಗೆ ತೋರಿಸುತ್ತಿದ್ದ ಪ್ರಯೋಗವು ಹೀಗಿದೆ. ಅಡಿಗೆಗೆ ಬಳಸದ ಒಂದು ಗಾಜಿನ ಪಾತ್ರೆಯ ನೀರಿನಲ್ಲಿ ಚಿಟಿಕೆ ಮೈಲುತುತ್ತವನ್ನು ಕರಗಿಸಿದರೆ ನೀರು ನೀಲಿಯಾಗುವದು. ಚೆನ್ನಾಗಿ ಉಜ್ಜಿದ ಕಬ್ಬಿಣದ ಮೊಳೆಯನ್ನು ಅದರಲ್ಲಿಟ್ಟರೆ ಸ್ವಲ್ಪ ಹೊತ್ತಿನಲ್ಲಿಯೇ ಮೊಳೆಗೆ ಕೆಂಪು ತಾಮ್ರದ ಲೇಪವು ಹತ್ತುವದು. ಕಬ್ಬಿಣವು ತಾನು ಕರಗಿ, ತಾಮ್ರವನ್ನು ಹೊರಗೆ ತಳ್ಳಿತು. ಅದೇ ನೀರಿನಲ್ಲಿ ಮೊಳೆಯ ಬದಲು ಪೆನ್ಸಿಲಿನ ಎರಡು ಕಡ್ಡಿಗಳನ್ನು ಒಂದಕ್ಕೊಂದು ತಾಗದಂತೆ ಇಳಿಬಿಟ್ಟು, ಎರಡು ಸೆಲ್ಲುಗಳ ತುದಿಗಳಿಗೆ ತಂತಿಯಿಂದ ಜೋಡಿಸಿದರೆ, ಋಣದ ತುದಿಗೆ ಸೇರಿದ ಕಡ್ಡಿಗೆ ತಾಮ್ರವು ಹತ್ತುತ್ತ ಹೋಗುವದು. ಧನದ ತುದಿಯ ಕಡ್ಡಿಯಲ್ಲಿ ಗುಳ್ಳೆಗಳೇಳುವವು. ಮೈಲುತುತ್ತವು ವಿಷವಾದುದರಿಂದ ಹಿರಿಯರು ಹತ್ತಿರವಿದ್ದು ಮಾಡಿಸಬೇಕು. ಕೊನೆಗೆ ನೀಲಿ ಬಣ್ಣ ಮಾಯವಾಗುವವರೆಗೆ ಕಬ್ಬಿಣದ ಚೂರುಗಳನ್ನು ಆ ನೀರಿನಲ್ಲಿ ಬಿಟ್ಟು, ತಾಮ್ರವನ್ನೆಲ್ಲ ಹೊರಗೆ ತೆಗೆಯಬೇಕು.

ಇಟಲಿಯ ವೋಲ್ಟಾ ಪಂಡಿತನು ಲೋಹದ ಬಿಲ್ಲೆಗಳ ನಡುವೆ ಉಪ್ಪುನೀರಿನ ಅರಿವೆಯನ್ನಿಟ್ಟು ವಿದ್ಯುತ್ತಿನ ಪ್ರವಾಹವನ್ನು ಪಡೆಯುವ ಬಗೆಯನ್ನು ಪ್ರಕಟಿಸಿದ್ದು ೧೮೦೦ರಲ್ಲಿ. ಇಂಗ್ಲಂಡಿನ ಮೈಕೆಲ್ ಫ್ಯಾರಡೆಯು ೧೮೩೩-೩೪ರಲ್ಲಿ ಈ ಕ್ರಿಯೆಯ ಲೆಕ್ಕವನ್ನು ಕಂಡುಹಿಡಿದನು. ಎಷ್ಟು ವಿದ್ಯುತ್ತು ಹರಿಯಿತೋ ಅದಕ್ಕೆ ತಕ್ಕಷ್ಟೇ ಲೋಹವು ಹತ್ತುವದು. ಈ ವ್ಯಾಪಾರದಲ್ಲಿ ಚೌಕಾಶಿಗೆ ಆಸ್ಪದವಿಲ್ಲ. ಒಂದು ಆಂಪಿಯರಿನ ಪ್ರವಾಹವು ಒಂದು ತಾಸು ಹರಿದರೆ ತಾಮ್ರವು ಸುಮಾರು ೧.೨ ಗ್ರಾಮು, ಬೆಳ್ಳಿಯು ಸುಮಾರು ೪ ಗ್ರಾಮು ಹತ್ತುವದು.

ಲೋಹಗಳು ಹಲವು ಕೂಡಿಕೊಂಡಿದ್ದರೆ ಅವನ್ನು ಬೇರ್ಪಡಿಸುವದೂ ಇದರಿಂದ ಸಾಧ್ಯ. ಕಣದಲ್ಲಿ ಜೋಳವನ್ನೂ ಕಸವನ್ನೂ ಬೇರೆ ಮಾಡಲು ಜರಡಿಯ ಕಣ್ಣನ್ನು ನೋಡಿ ಆರಿಸುವಂತೆ, ಇಲ್ಲಿ ವಿದ್ಯುತ್ತಿನ ಒತ್ತಡವನ್ನು, ಅಂದರೆ ವೋಲ್ಟನ್ನು, ನೋಡಿ ಆರಿಸುತ್ತಾರೆ. ಬಂಗಾರ, ಬೆಳ್ಳಿ, ತಾಮ್ರಗಳು ದ್ರಾವಣದಿಂದ ಸುಲಭವಾಗಿ ಹೊರಬರುತ್ತವೆ. ಸೀಸ, ಕಬ್ಬಿಣ, ಸತುವುಗಳು ಅಷ್ಟು ಸುಲಭವಾಗಿ ಬಾರವು. ಹದವನ್ನು ಬಲ್ಲವನು ಒಂದನ್ನು ಹೊರತೆಗೆದು ಇನ್ನೊಂದನ್ನು ನೀರಿನಲ್ಲಿಯೇ ಉಳಿಸಬಲ್ಲನು. ಜೇಮ್ಸ್ ಎಲ್ಕಿಂಗ್ಟನನು ೧೮೬೫ರಲ್ಲಿ ಹಕ್ಕುಪತ್ರ ಪಡೆದ ರೀತಿಯಲ್ಲಿ ಅಶುದ್ಧ ತಾಮ್ರದ ದಪ್ಪ ಹಲಗೆಯನ್ನು ಧನಾಗ್ರವಾಗಿಯೂ ಶುದ್ಧ ತಾಮ್ರದ ತೆಳು ತಗಡನ್ನು ಋಣಾಗ್ರವಾಗಿಯೂ ಮಾಡಿ ಮೈಲುತುತ್ತದ ದ್ರಾವಣದಲ್ಲಿ ನಿಲ್ಲಿಸುತ್ತಾರೆ. ದಪ್ಪ ಹಲಗೆಯು ಕರಗುತ್ತ ಹೋಗಿ, ಶುದ್ಧ ತಾಮ್ರವು ತೆಳು ತಗಡಿಗೆ ಕೂಡುತ್ತದೆ. ಕರಗಲೊಲ್ಲದ ಬಂಗಾರ-ಬೆಳ್ಳಿಗಳು ತೊಟ್ಟಿಯ ತಳದಲ್ಲಿ ರಾಡಿಯಾಗಿ ನಿಲ್ಲುತ್ತವೆ. ಆ ರಾಡಿಯ ಬೆಲೆಯು ಬಹು ದೊಡ್ಡದು. ಅದಿರಿನಿಂದಾಗಲಿ ಕಸದಿಂದಾಗಲಿ ದ್ರಾವಣಕ್ಕೆ ಇಳಿದ ತಾಮ್ರವನ್ನು ಕಿಲೋ ಒಂದಕ್ಕೆ ಸುಮಾರು ಎರಡು ಯೂನಿಟ್ಟು ವಿದ್ಯುತ್ತಿನಿಂದ ಹೊರತೆಗೆಯಬಹುದು.

ನಮ್ಮ ರಾಜ್ಯಕ್ಕೆ ಈ ಸಂಗತಿಯು ಹೊರತಾದುದಲ್ಲ. ಕೋಲಾರದ ಗಣಿಗಳಲ್ಲಿ ಅರೆದ ಕಲ್ಲಿನ ಬಂಗಾರವನ್ನು ಸಾಯನೈಡಿನ ನೀರಿನಲ್ಲಿ ಕರಗಿಸಿ, ಸತುವಿನಿಂದ ಹೊರತೆಗೆಯುತ್ತಿದ್ದರು. ನಮ್ಮ ಮೊಳೆಯ ಪ್ರಯೋಗದ ತತ್ವವೇ ಇದು. ರಾಯಚೂರು ಜಿಲ್ಲೆಯ ಹಟ್ಟಿಯಲ್ಲಿ ಕರಗಿದ ಬಂಗಾರವನ್ನು ಇದ್ದಿಲಿಗೆ ಹತ್ತಿಸಿ, ತಿರುಗಿ ದ್ರಾವಣಕ್ಕಿಳಿಸಿ, ವಿದ್ಯುತ್ತಿನಿಂದ ಪಡೆಯುತ್ತಾರೆ. ಕೋಲಾರದ ಗಣಿಗಳು ೨೦೦೧ರ ಫೆಬ್ರುವರಿ ೨೮ರಂದು ಮುಚ್ಚಿದವು. ಅರೆದುಳಿದ ಪುಡಿಯ ದಿಬ್ಬಗಳು ಮಾತ್ರ ಮೂರು ಕೋಟಿ ಟನ್ನಿಗೂ ಮಿಕ್ಕಿ ಅಲ್ಲಿ ನಿಂತಿವೆ. ಆ ಪುಡಿಯಲ್ಲಿ ಟನ್ನಿಗೆ ಒಂದು ಗ್ರಾಮಿಗೂ ಕಡಿಮೆ ಬಂಗಾರವಿದ್ದರೂ ಅದನ್ನು ತೆಗೆಯಬೇಕೆಂಬ ಕೇಂದ್ರದ ಯೋಜನೆಗೆ ರಾಜ್ಯದ ಮಂತ್ರಿಮಂಡಲವು ೨೦೨೪ರ ಜೂನಿನಲ್ಲಿ ಒಪ್ಪಿಗೆ ಕೊಟ್ಟಿತು. ತಮಿಳುನಾಡಿನ ಕಾರೈಕುಡಿಯಲ್ಲಿ ಅಳಗಪ್ಪ ಚೆಟ್ಟಿಯಾರರು ದಾನವಿತ್ತ ಮುನ್ನೂರು ಎಕರೆ ನೆಲದಲ್ಲಿ ಈ ಶಾಸ್ತ್ರಕ್ಕೆಂದೇ ಕೇಂದ್ರೀಯ ಸಂಶೋಧನಾಲಯವೊಂದು ೧೯೫೩ರಿಂದ ನಡೆದುಬಂದಿದೆ.

ಈಗ ಮಗನ ಬಂಗಾರದ ಮಾತಿಗೆ ಬರೋಣ. ಮೊಬೈಲು ಫೋನಿನೊಳಗಿನ ಹಸಿರು ಹಲಗೆಯ ಮೇಲೆ ತುಕ್ಕು ಹಿಡಿಯದಿರಲೆಂದು ಸೂಕ್ಷ್ಮವಾದ ಬಂಗಾರದ ಲೇಪವನ್ನು ಕೊಟ್ಟಿರುತ್ತಾರೆ. ಒಂದು ಟನ್ನು ಫೋನುಗಳಲ್ಲಿ ಕೆಲವು ನೂರು ಗ್ರಾಮು ಬಂಗಾರವಿರುವದು. ಕೋಲಾರದ ದಿಬ್ಬಕ್ಕಿಂತ ಇದು ನೂರಾರು ಪಟ್ಟು ಹೆಚ್ಚು. ಆದರೆ ಒಂದು ಟನ್ನೆಂದರೆ ಏಳೆಂಟು ಸಾವಿರ ಫೋನುಗಳಾದರೂ ಬೇಕು. ಒಂದೊಂದರ ಪಾಲಿಗೆ ಬರುವದು ಗ್ರಾಮಿನ ನೂರರಲ್ಲಿ ಕೆಲವೇ ಭಾಗ. ಆದುದರಿಂದ ಮಗನು ಮನೆಯಲ್ಲಿ ಆಮ್ಲವನ್ನು ತಂದು ಹಲಗೆಯನ್ನು ಕರಗಿಸಲು ಹೊರಟರೆ ಬಂಗಾರ ಸಿಕ್ಕುವದರೊಳಗೆ ಕಣ್ಣು-ಶ್ವಾಸಕೋಶಗಳು ಕೆಡುವವು, ಅವನನ್ನು ತಡೆಯತಕ್ಕದ್ದು. ಕೂಡಿಸಿದರೆ ಏನಾಗುವದೆಂಬುದನ್ನು ಜಪಾನಿನವರು ತೋರಿಸಿದ್ದಾರೆ. ತೋಕಿಯೋ ಒಲಿಂಪಿಕ್ ಪಂದ್ಯಗಳ ಪದಕಗಳಿಗಾಗಿ ೨೦೧೭ರ ಎಪ್ರಿಲಿನಿಂದ ೨೦೧೯ರ ಮಾರ್ಚಿನವರೆಗೆ ಜನರಿಂದ ೭೮,೯೮೫ ಟನ್ನು ಹಳೆಯ ವಿದ್ಯುದುಪಕರಣಗಳನ್ನೂ ೬೨ ಲಕ್ಷಕ್ಕೂ ಹೆಚ್ಚು ಫೋನುಗಳನ್ನೂ ಕೂಡಿಸಿದರು. ಅವುಗಳಿಂದ ೩೨ ಕಿಲೋ ಬಂಗಾರವೂ ೩,೫೦೦ ಕಿಲೋ ಬೆಳ್ಳಿಯೂ ದೊರೆತವು. ನಮ್ಮಲ್ಲಿಯೂ ಬೆಂಗಳೂರಿನ ಹತ್ತಿರದ ದಾಬಸ್‌ಪೇಟೆಯಲ್ಲಿ ೨೦೦೫ರಲ್ಲಿ ಇ-ಪರಿಸರ ಎಂಬ ಸಂಸ್ಥೆಯು ಇಂಥ ಕಸವನ್ನು ಕ್ರಮವರಿತು ಬಿಡಿಸುವ ಕೆಲಸವನ್ನಾರಂಭಿಸಿತು.

ಇಷ್ಟು ಸಾಮರ್ಥ್ಯವುಳ್ಳ ವಿದ್ಯೆಯಿದ್ದರೂ, ಜಗತ್ತಿನಲ್ಲಿ ೨೦೨೨ರಲ್ಲಿ ಹುಟ್ಟಿದ ೬.೨ ಕೋಟಿ ಟನ್ನು ವಿದ್ಯುನ್ಮಾನ ಕಸದಲ್ಲಿ ಕ್ರಮಬದ್ಧವಾಗಿ ಕೂಡಿಸಿ ಸಂಸ್ಕರಿಸಿದ್ದಕ್ಕೆ ದಾಖಲೆಯಿರುವದು ೨೨.೩ ಶೇಕಡಾ ಮಾತ್ರ. ಇದಕ್ಕೆ ಕಾರಣವು ಹಲಮಟ್ಟಿಗೆ ಕೂಡಿಸುವವರಿಲ್ಲದಿರುವದು. ಲೋಹವು ದ್ರಾವಣದಲ್ಲಿ ಗಟ್ಟಿಯಾಗಿದ್ದರೆ ವಿದ್ಯುತ್ತು ಅದನ್ನು ಸುಲಭವಾಗಿ ಎತ್ತಿಕೊಡುತ್ತದೆ. ದ್ರಾವಣವು ತೆಳುವಾದಂತೆ ಲೋಹದ ಕಣಗಳು ಋಣಾಗ್ರವನ್ನು ಮುಟ್ಟುವದು ತಡವಾಗಿ, ವಿದ್ಯುತ್ತು ನೀರನ್ನು ಒಡೆಯುವದರಲ್ಲಿಯೇ ವ್ಯಯವಾಗುತ್ತದೆ. ಒಂದು ಮುಷ್ಟಿ ಉಪ್ಪನ್ನು ಕೊಡದ ನೀರಿಗೆ ಹಾಕಿದರೆ ಕಾಯಿಸಿ ಪಡೆಯಬಹುದು; ಬೆಣ್ಣಿಹಳ್ಳದ ಮಹಾಪೂರಕ್ಕೆ ಹಾಕಿದರೆ ಪಡೆಯುವವರು ಯಾರು? ಕೂಡಿಸುವದಕ್ಕೆ ಒಂದು ಕ್ಷಣ ಸಾಕು, ಬಿಡಿಸುವದಕ್ಕೆ ಶಾಸ್ತ್ರವೇ ಬೇಕು. ಮಿತಿಮೀರಿ ಕೂಡಿಸಿದುದನ್ನು ಶಾಸ್ತ್ರವೂ ಬಿಡಿಸಲಾರದು. ಪತ್ತಾರನ ಡಬ್ಬಿಯ ಗುಟ್ಟು ಇದೇ.

ಇನ್ನು ತಿಪ್ಪೆಯ ಪ್ರಶ್ನೆ. ಪಟ್ಟಣದ ಕಸವು ಊರ ಹೊರಗಿನ ರಾಶಿಗೆ ಹೋಗಿ ಬೀಳುವದು. ನವಲಗುಂದ, ಅಣ್ಣಿಗೇರಿ, ಕುಂದಗೋಳಗಳ ಎರೆಯ ನೆಲದಲ್ಲಿಯಾಗಲಿ ಕಲಘಟಗಿಯ ಭತ್ತದ ಗದ್ದೆಗಳಲ್ಲಿಯಾಗಲಿ ತಿಪ್ಪೆಯೆಂಬುದು ಕಸದ ಕೊನೆಯ ಠಾವಲ್ಲ. ಬೇಸಿಗೆಯಲ್ಲಿ ಅದನ್ನು ಬಂಡಿಯಲ್ಲಿ ತುಂಬಿ ಹೊಲಕ್ಕೆ ಹೇರುತ್ತೇವೆ. ಸಗಣಿಯು ಕೊಳೆತು ಬೆಳೆಗೆ ಸತ್ವವಾಗುವದು. ಧಾತುವು ಕೊಳೆಯದೆ ಹಾಗೆಯೇ ಹೊಲಕ್ಕೆ ಹೋಗುವದು. ತಾಮ್ರ-ಬಂಗಾರಗಳ ಜತೆಗೆ ಹಳೆಯ ಹಲಗೆಗಳ ಬೆಸುಗೆಯಲ್ಲಿ ಸೀಸವಿದೆ. ಕೆಲವು ಬಗೆಯ ಸೆಲ್ಲುಗಳಲ್ಲಿ ಕ್ಯಾಡ್ಮಿಯಮ್ ಎಂಬ ವಿಷಧಾತುವಿದೆ, ಅದು ಬೆಳೆಯೊಳಗೂ ಏರಬಲ್ಲದು. ಸೀಸವು ಮೇಲ್ಮಣ್ಣಿನಲ್ಲಿ ತಲೆತಲಾಂತರ ನಿಲ್ಲುವದು; ಮಣ್ಣಾಡಿದ ಕೈಯನ್ನು ಬಾಯಿಗಿಡುವ ಕೂಸುಗಳ ಹೊಟ್ಟೆಗೆ ಸೇರಿ ಬುದ್ಧಿಯ ಬೆಳವಣಿಗೆಯನ್ನು ಕುಂದಿಸುವದು. ಇಷ್ಟು ಸೀಸದಿಂದ ಬಾಧೆಯಿಲ್ಲವೆಂದು ಹೇಳಬಹುದಾದ ಪ್ರಮಾಣವೇ ತಿಳಿದಿಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆಯು ಹೇಳಿದೆ. ಜಗತ್ತಿನ ಮೂರು ಮಕ್ಕಳಲ್ಲಿ ಒಂದರ ರಕ್ತದಲ್ಲಿ ಕಳವಳಪಡತಕ್ಕಷ್ಟು ಸೀಸವಿದೆಯೆಂದೂ, ವಾಹನಗಳ ಹಳೆಯ ಬ್ಯಾಟರಿಗಳನ್ನು ಕ್ರಮವಿಲ್ಲದೆ ಒಡೆದು ಕರಗಿಸುವದು ಅದಕ್ಕೆ ಮುಖ್ಯ ಕಾರಣಗಳಲ್ಲೊಂದೆಂದೂ ಯುನಿಸೆಫ್ ಸಂಸ್ಥೆಯ ೨೦೨೦ರ ವರದಿಯು ತಿಳಿಸುತ್ತದೆ.

ಒಡೆಯುವವರನ್ನೂ ಸುಡುವವರನ್ನೂ ಬೈದು ಮುಗಿಸುವದು ಸುಲಭ. ನವಲಗುಂದ ತಾಲೂಕಿನ ಒಂದು ಹಳ್ಳಿಯ ಬಯಲಿನಲ್ಲಿ ತಂತಿಗಳನ್ನು ಸುಡುತ್ತಿದ್ದವನೊಬ್ಬನು ನಮ್ಮ ಹಳೆಯ ವಿದ್ಯಾರ್ಥಿಯಾಗಿದ್ದನು. ಆ ಹೊಗೆಯ ವಿಷವನ್ನು ನಾವು ವಿವರಿಸಿದಾಗ ಅವನು, "ಹೊಗಿ ಕೆಟ್ಟದ್ದು ಅಂತ ನನಗೂ ಗೊತ್ತೈತ್ರಿ ಮಾಸ್ತರ. ಸುಟ್ಟು ತಾಮ್ರ ಮಾಡಿ ಒಯ್ದರ ಒಂದು ರೇಟ್, ಹಂಗ ವೈರ್ ಒಯ್ದರ ಅದರ ಅರ್ಧಾನೂ ಇಲ್ಲರಿ. ಮನ್ಯಾಗ ಉಣ್ಣಾವ್ರು ಐದು ಮಂದಿ ಅದಾರ್ರಿ" ಎಂದನು. ಸುಟ್ಟ ತಾಮ್ರವು ಕಪ್ಪಾಗಿ ಬೆಲೆ ಇಳಿಯುವದೆಂದೂ, ಸಿಪ್ಪೆ ಸುಲಿದ ಹೊಳೆಯುವ ತಾಮ್ರಕ್ಕೆ ಅದಕ್ಕಿಂತ ಹೆಚ್ಚು ಬೆಲೆ ಬರುವದೆಂದೂ ನಾವು ಹೇಳಿದೆವು. ದಪ್ಪ ತಂತಿಗಳನ್ನು ಈಗ ಅವನು ಹಲಗೆಗೆ ಕೂಡಿಸಿದ ಬ್ಲೇಡಿನಿಂದ ಸುಲಿಯುತ್ತಾನೆ. ಸಣ್ಣ ತಂತಿಗಳನ್ನು ಸುಲಿಯುತ್ತ ಕುಳಿತರೆ ದಿನದ ಕೂಲಿ ಹುಟ್ಟುವದಿಲ್ಲವೆಂದು ಅವನ್ನಿನ್ನೂ ಸುಡುತ್ತಾನೆ. ಅವನ ಮಾತು ಸುಳ್ಳಲ್ಲ. ಕೌಟಿಲ್ಯನ ಪಾಂಸುಧಾವಕನ ವಂಶಕ್ಕೆ ಸೇರಿದ ಇವನು ತಾಮ್ರವನ್ನು ನಮ್ಮ ಕಸದಿಂದ ಕಾಯುತ್ತಿದ್ದಾನೆ. ಹೊಗೆಯ ಬೆಲೆಯನ್ನು ಮಾತ್ರ ತನ್ನ ಎದೆಯಿಂದ ತೆರುತ್ತಿದ್ದಾನೆ. ಸಣ್ಣ ತಂತಿಯನ್ನೂ ಸುಡದೆ ಕೊಳ್ಳುವ ವ್ಯಾಪಾರವು ಹಳ್ಳಿಯವರೆಗೆ ಬಂದ ಹೊರತು ಆ ಹೊಗೆಯು ನಿಲ್ಲಲಾರದು.

ಕಾಯಿದೆಯು ಇಲ್ಲವೆಂದಲ್ಲ. ೨೦೨೨ರ ಬ್ಯಾಟರಿ ತ್ಯಾಜ್ಯದ ನಿಯಮಗಳ ಪ್ರಕಾರ ಬಳಸಿದವನು ಬ್ಯಾಟರಿಯನ್ನು ಮನೆಯ ಉಳಿದ ಕಸದೊಡನೆ ಕೂಡಿಸದೆ ಬೇರೆಯಾಗಿ ಒಪ್ಪಿಸತಕ್ಕದ್ದು. ೨೦೨೩ರ ಎಪ್ರಿಲ್ ೧ರಿಂದ ಜಾರಿಗೆ ಬಂದ ವಿದ್ಯುನ್ಮಾನ ತ್ಯಾಜ್ಯದ ನಿಯಮಗಳು ಸಂಸ್ಕರಣದ ಹೊಣೆಯನ್ನು ತಯಾರಕರ ಮೇಲೆ ಹೊರಿಸಿವೆ. ಆದರೆ ಕಾಯಿದೆಯು ಹುಬ್ಬಳ್ಳಿಯವರೆಗೆ ಬಂದು, ಹಳ್ಳಿಯ ದಾರಿಯಲ್ಲಿ ಎರೆಯ ಕೆಸರಿಗೆ ಸಿಕ್ಕ ಬಂಡಿಯಂತೆ ನಿಲ್ಲುತ್ತದೆ. ಅದನ್ನು ದೂಡುವ ಕೈಗಳು ಮನೆಯಿಂದಲೇ ಬರಬೇಕು.

ಆದುದರಿಂದ ನಮ್ಮ ಸೋದರಿಗೂ ಉಳಿದ ವಾಚಕರಿಗೂ ನಾವು ಸೂಚಿಸುವದಿಷ್ಟು. ಮನೆಯಲ್ಲಿ ಕೂಸುಗಳ ಕೈಗೆ ನಿಲುಕದ, ನೀರು ತಾಗದ ಠಾವಿನಲ್ಲಿ ಒಂದು ಗಟ್ಟಿ ಡಬ್ಬಿಯನ್ನಿಡಬೇಕು. ತೀರಿದ ಸೆಲ್ಲು, ಕೆಟ್ಟ ಫೋನು, ಚಾರ್ಜರು, ತಂತಿಯ ತುಂಡುಗಳೆಲ್ಲ ಅದಕ್ಕೇ ಬೀಳಬೇಕು. ಫೋನಿನ ಬ್ಯಾಟರಿಯು ಉಬ್ಬಿದ್ದರೆ ಚುಚ್ಚಬಾರದು, ಒತ್ತಬಾರದು, ಬೆಂಕಿಯ ಹತ್ತಿರ ಇಡಬಾರದು. ಅದರ ತುದಿಗಳಿಗೆ ಅಂಟುಪಟ್ಟಿ ಹಚ್ಚಿ ಬೇರೆಯಾಗಿ, ಉರಿಯುವ ವಸ್ತುಗಳಿಂದ ದೂರವಿಟ್ಟು, ಬೇಗನೆ ಸಾಗಿಸಬೇಕು. ಟ್ರ್ಯಾಕ್ಟರಿನ, ಇನ್ವರ್ಟರಿನ ಬ್ಯಾಟರಿಯನ್ನು ಆಮ್ಲ ಚೆಲ್ಲಿ ಹಗುರಮಾಡದೆ, ಹೊಸದನ್ನು ಕೊಳ್ಳುವಾಗ ಅಂಗಡಿಯವನಿಗೆ ಇಡಿಯಾಗಿ ಕೊಟ್ಟು ಬೆಲೆಯಲ್ಲಿ ಮುರಿದುಕೊಳ್ಳಬೇಕು; ಒಡೆಯುವವನು ಎರಡು ಕಾಸು ಹೆಚ್ಚಿಗೆ ಕೊಟ್ಟರೂ ಅವನಿಗೆ ಕೊಡಕೂಡದು. ಒಂದು ಮನೆಯ ಡಬ್ಬಿಗಾಗಿ ಯಾರೂ ಹುಬ್ಬಳ್ಳಿಯಿಂದ ಬರಲಾರರು. ಊರ ಡಬ್ಬಿಗಳೆಲ್ಲ ಕೂಡಿದರೆ ಅದೊಂದು ಸರಕಾಗುವದು. ಸ್ತ್ರೀಶಕ್ತಿ ಸಂಘದವರಾಗಲಿ ಶಾಲೆಯವರಾಗಲಿ ಮುಂದಾಗಿ ಗ್ರಾಮ ಪಂಚಾಯಿತಿಯಲ್ಲಿ ಒಂದು ಪೆಟ್ಟಿಗೆಯನ್ನಿಡಿಸಿ, ವರ್ಷಕ್ಕೆ ಎರಡು ಸಲ, ದೀಪಾವಳಿಗೂ ಯುಗಾದಿಗೂ, ಮಾಲಿನ್ಯ ನಿಯಂತ್ರಣ ಮಂಡಳಿಯ ಒಪ್ಪಿಗೆಯ ಪಟ್ಟಿಯಲ್ಲಿರುವವರಿಗೆ ಸಾಗಿಸುವ ಏರ್ಪಾಡನ್ನು ಮಾಡಿಸಬೇಕು. ಗ್ರಾಮಸಭೆಯಲ್ಲಿ ಎದ್ದು ಕೇಳದಿದ್ದರೆ ಇದು ಆಗುವದಿಲ್ಲ. ಆ ಸಾಗಾಟದ ಕೆಲಸವನ್ನು ಊರ ಗುಜರಿಯವನಿಗೇ ಕೊಟ್ಟರೆ ಅವನ ಹೊಟ್ಟೆಯೂ ನಡೆದೀತು, ಬಯಲಿನ ಬೆಂಕಿಯೂ ಆರೀತು.

ಕುಂದಗೋಳದ ಸೋದರಿಯು ಮಾಡದಲ್ಲಿ ಇಷ್ಟು ವರ್ಷ ಅವನ್ನು ಬಿಸಾಡದೆ ಇಟ್ಟುದೇ ಒಳ್ಳೆಯದಾಯಿತು. ಈಗ ಅವನ್ನು ಡಬ್ಬಿಗೆ ಹಾಕಿ, ನೆರೆಮನೆಯವರನ್ನೂ ಕೇಳಲಿ. ಒಂದು ಓಣಿಯ ಮಾಡಗಳನ್ನು ಶೋಧಿಸಿದರೆ ಎಷ್ಟು ಕೂಡುವದೆಂಬುದನ್ನು ಎಣಿಸಿ ನಮಗೆ ಬರೆದು ತಿಳಿಸಿದರೆ ಮುಂದಿನ ಸಂಚಿಕೆಯಲ್ಲಿ ಸಂತೋಷದಿಂದ ಪ್ರಕಟಿಸುವೆವು.